ಡಾಂಬರು ರಸ್ತೆಯಲ್ಲಿ ಚೆಂಡಿನ ಬೆನ್ನುಹತ್ತಿ: ಪೂರ್ವ ಫ್ರೀಸ್‌ಲ್ಯಾಂಡಿನ ಬೋಸೆಲ್ನ್ ನೋಡಹೊರಡುವವರಿಗೆ

ಜರ್ಮನಿಯ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡಿಗೆ ಹೆಚ್ಚಿನವರು ಬೇಸಿಗೆಯಲ್ಲಿ, ಕಡಲತೀರಕ್ಕೆಂದು ಹೋಗುತ್ತಾರೆ. ಆದರೆ ಅಲ್ಲಿನ ಹಳ್ಳಿಗರು ರಸ್ತೆಯ ಮೇಲೆ ಚೆಂಡು ಉರುಳಿಸುವ ಬೋಸೆಲ್ನ್ ಆಟವನ್ನು ನೋಡಬೇಕೆಂದಿದ್ದರೆ ಬೇಸಿಗೆಯನ್ನು ಮರೆತುಬಿಡಬೇಕು. ಕ್ಲಬ್ಬುಗಳ ಲೀಗ್ ಪಂದ್ಯಗಳು ಮುಖ್ಯವಾಗಿ ಚಳಿಗಾಲದ ತಿಂಗಳುಗಳಲ್ಲಿ, ಅದರಲ್ಲೂ ವಾರಾಂತ್ಯದಲ್ಲಿ ನಡೆಯುತ್ತವೆ. ನಾನು ಹೋದದ್ದು ಫೆಬ್ರವರಿಯ ಒಂದು ಭಾನುವಾರ, ಬ್ರೆಮೆನ್ ನಗರದಿಂದ.

ಬೆಂಗಳೂರಿನಿಂದ ಬರುವವರು ಫ್ರಾಂಕ್‌ಫರ್ಟ್‌ವರೆಗೆ ನೇರ ವಿಮಾನದಲ್ಲಿ ಬಂದು, ಅಲ್ಲಿಂದ ರೈಲಿನಲ್ಲಿ ಬ್ರೆಮೆನ್ ತಲುಪಬಹುದು. ಬ್ರೆಮೆನ್‌ನಿಂದ ಓಲ್ಡೆನ್‌ಬುರ್ಗ್, ಲೇರ್, ಎಮ್ಡೆನ್ ಮಾರ್ಗವಾಗಿ ನೋರ್ಡೆನ್ ಪಟ್ಟಣಕ್ಕೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ. ಕಷ್ಟವಿರುವುದು ಅಲ್ಲಿಂದ ಮುಂದೆ. ಪಂದ್ಯಗಳು ನಡೆಯುವ ಹಳ್ಳಿಗಳಿಗೆ ಭಾನುವಾರ ಬಸ್ಸು ಬಲು ಅಪರೂಪ. ಈ ಪ್ರದೇಶದ ಮುಖ್ಯ ಪಟ್ಟಣಗಳಲ್ಲೊಂದಾದ ಔರಿಕ್‌ಗೂ ಪ್ರಯಾಣಿಕರ ರೈಲಿಲ್ಲ. ಆದ್ದರಿಂದ ಶನಿವಾರವೇ ಬಂದು ತಂಗಿ, ಬಾಡಿಗೆ ಸೈಕಲ್ಲನ್ನೋ ಕಾರನ್ನೋ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಾನು ಬಸ್ಸನ್ನೇ ನಂಬಿ ಹೋದವನು. ಕೊನೆಯ ನಾಲ್ಕು ಕಿಲೋಮೀಟರನ್ನು ಎದುರುಗಾಳಿಯಲ್ಲಿ ನಡೆದು ಸೇರಿದೆ.

ಇಲ್ಲಿ ಟಿಕೆಟ್ಟೂ ಇಲ್ಲ, ಪ್ರೇಕ್ಷಕರ ಗ್ಯಾಲರಿಯೂ ಇಲ್ಲ. ಊರ ಕ್ಲಬ್ಬಿಗೆ ಒಂದೆರಡು ವಾರ ಮುಂಚೆ ಪತ್ರ ಬರೆದು, ಪಂದ್ಯ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಆರಂಭವಾಗುತ್ತದೆ ಎಂದು ಕೇಳಿಕೊಳ್ಳಬೇಕು. ಈ ಕ್ಲಬ್ಬುಗಳನ್ನು ಒಗ್ಗೂಡಿಸುವ ಫ್ರೀಸಿಯನ್ ಕ್ಲೋಟ್‌ಶೀಸರ್ ಒಕ್ಕೂಟ 1902ರಲ್ಲಿ ಸ್ಥಾಪನೆಯಾಯಿತು. ಪೂರ್ವ ಫ್ರೀಸ್‌ಲ್ಯಾಂಡ್ ಮತ್ತು ಓಲ್ಡೆನ್‌ಬುರ್ಗ್ ಎಂಬ ಎರಡು ಪ್ರಾದೇಶಿಕ ಸಂಘಗಳು ಅದರ ಕೆಳಗಿವೆ; ಇವೆರಡರ ನಡುವಿನ ಪೈಪೋಟಿ ಬಹಳ ಹಳೆಯದು. ನನ್ನ ಅರೆಬರೆ ಜರ್ಮನ್ ಪತ್ರಕ್ಕೆ ಎರಡೇ ಸಾಲಿನ ಉತ್ತರ ಬಂದಿತ್ತು: ಬನ್ನಿ, ಗಟ್ಟಿ ಬೂಟು ಹಾಕಿಕೊಂಡು ಬನ್ನಿ.

ಆ ಸಲಹೆಯ ಬೆಲೆ ಪಂದ್ಯ ಆರಂಭವಾದ ಮೇಲೆ ತಿಳಿಯಿತು. ಬೋಸೆಲ್ನ್ ಪಂದ್ಯವನ್ನು ನಿಂತು ನೋಡಲಾಗದು, ಚೆಂಡಿನ ಹಿಂದೆ ನಡೆಯಬೇಕು. ಹಾಗೆ ನಡೆಯುವ ದೂರವೂ ಹಲವು ಕಿಲೋಮೀಟರ್. ಎಸೆಯುವವನು ಓಡಿಬಂದು, ಸೊಂಟ ಬಗ್ಗಿಸಿ, ತೋಳನ್ನು ಕೆಳಗಿನಿಂದ ಬೀಸಿ, ಚೆಂಡನ್ನು ರಸ್ತೆಗೆ ತಾಗುವಷ್ಟು ತಗ್ಗಿನಲ್ಲಿ ಬಿಡುತ್ತಾನೆ. ಅದು ನೂರು, ನೂರೈವತ್ತು ಮೀಟರ್ ಉರುಳಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಅವನ ತಂಡದ ಮುಂದಿನವನು ಎಸೆಯುತ್ತಾನೆ. ಹಿಂದೆ ಬಿದ್ದ ತಂಡ ಎಸೆದೂ ಎದುರಾಳಿಯ ಚೆಂಡನ್ನು ದಾಟದೇ ಹೋದರೆ ಎದುರಾಳಿಗೆ ಒಂದು ‘ಶ್ಯೋಟ್’, ಅಂದರೆ ಒಂದು ಇಡೀ ಎಸೆತದ ಮುನ್ನಡೆ ಸಿಗುತ್ತದೆ. ಮರದ ಚೆಂಡಿನ ಗುಂಪು ಬೇರೆ, ರಬ್ಬರ್ ಚೆಂಡಿನ ಗುಂಪು ಬೇರೆ.

ಲೆಕ್ಕ ಇಷ್ಟು ಸರಳವಾದರೂ ನಿಜವಾದ ಆಟ ರಸ್ತೆಯ ಮೈಯಲ್ಲಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಾಗಿ, ಎರಡೂ ಬದಿಗೆ ಇಳಿಜಾರಾಗಿ ಮಾಡಿರುತ್ತಾರೆ. ತಗ್ಗುನೆಲವಾದ್ದರಿಂದ ಬದಿಯುದ್ದಕ್ಕೂ ನೀರು ತುಂಬಿದ ಕಾಲುವೆಗಳಿರುತ್ತವೆ. ನೇರವಾಗಿ ಎಸೆದ ಚೆಂಡು ತಾನಾಗಿಯೇ ಕಾಲುವೆಯತ್ತ ಜಾರುತ್ತದೆ. ಆದ್ದರಿಂದ ನುರಿತವರು ಬೆರಳಿನಿಂದ ತಿರುಗಣೆ ಕೊಟ್ಟು, ಚೆಂಡು ಉಬ್ಬನ್ನು ಹತ್ತಿ ಇಳಿದು, ತಿರುವಿನಲ್ಲಿ ರಸ್ತೆಯ ಜೊತೆಗೇ ಬಾಗುವಂತೆ ಎಸೆಯುತ್ತಾರೆ. ಅವರದೇ ತಂಡದವನೊಬ್ಬ ಮುಂದೆ ದೂರದಲ್ಲಿ ಕಾಲಗಲಿಸಿ ನಿಂತು, ಚೆಂಡು ಯಾವ ಗೆರೆಯಲ್ಲಿ ಬರಬೇಕೆಂದು ತೋರಿಸುತ್ತಿರುತ್ತಾನೆ. ಅವನ ಮಾತನ್ನು ಎಸೆಯುವವನು ಪ್ರಶ್ನಿಸಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಆಟವನ್ನು ಅರಿಯಬೇಕೆಂದಿರುವವರು ಎಸೆಯುವವನಿಗಿಂತ ಈ ಗೆರೆ ತೋರಿಸುವವನನ್ನೇ ಹೆಚ್ಚು ಗಮನಿಸಬೇಕು.

ಎಷ್ಟೇ ಜಾಣತನವಿದ್ದರೂ ಚೆಂಡು ಕಾಲುವೆಗೆ ಬೀಳುತ್ತದೆ. ಅದಕ್ಕೆಂದೇ ಪ್ರತಿ ಗುಂಪಿನ ಬಳಿಯೂ ‘ಕ್ರಾಬರ್’ ಎಂಬ, ಉದ್ದ ಕೋಲಿನ ತುದಿಗೆ ಕಬ್ಬಿಣದ ಬುಟ್ಟಿ ಕಟ್ಟಿದ ಸಲಕರಣೆ ಇರುತ್ತದೆ. ನಮ್ಮೂರ ಬಾವಿಯಲ್ಲಿ ಕೊಡ ಬಿದ್ದಾಗ ಪಾತಾಳಗರಡಿ ಹಾಕಿ ತಡಕುತ್ತಿದ್ದ ಅಜ್ಜನನ್ನು ನೆನಪಿಸುವಷ್ಟು ತಾಳ್ಮೆಯಿಂದ ಅವರು ಕೆಸರನ್ನು ಬಾಚುತ್ತಾರೆ.

ರಸ್ತೆಯನ್ನು ಸಂಪೂರ್ಣವಾಗಿ ಮುಚ್ಚಿರುತ್ತಾರೆಂದು ಭಾವಿಸಬೇಡಿ. ಎಚ್ಚರಿಕೆಯ ಫಲಕವಿದ್ದರೂ ವಾಹನಗಳು ನಿಧಾನವಾಗಿ ಬರುತ್ತಲೇ ಇರುತ್ತವೆ. ಹುಲ್ಲಿನ ಅಂಚಿನಲ್ಲೇ ನಡೆಯಿರಿ, ಎಸೆತದ ವೇಳೆ ಬೆನ್ನು ತಿರುಗಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಉರುಳಿ ಬರುವ ಚೆಂಡಿಗೆ ಕಾಲು ಕೊಡಬೇಡಿ. ಕ್ರಿಕೆಟ್ ಆಡಿ ಬೆಳೆದ ನನ್ನ ಕಾಲು ತಾನಾಗಿಯೇ ಮುಂದೆ ಹೋಗಿತ್ತು, ಪಕ್ಕದಲ್ಲಿದ್ದ ಹಿರಿಯರೊಬ್ಬರು ತೋಳು ಹಿಡಿದು ಎಳೆದರು. ಪಾದದ ಮೂಳೆ ಉಳಿಯಿತು, ಆ ತಂಡದ ಎಸೆತವೂ ಉಳಿಯಿತು.

ಕ್ಲೋಟ್‌ಶೀಸೆನ್ ಇದರ ಅಣ್ಣನಂಥ ಆಟ. ಅದರಲ್ಲಿ ಚೆಂಡನ್ನು ಉರುಳಿಸದೆ ಗಾಳಿಯಲ್ಲಿ ಎಸೆಯುತ್ತಾರೆ. ಸೀಸ ತುಂಬಿದ ಮರದ ಗುಂಡು ಗಂಡಸರಿಗೆ 475 ಗ್ರಾಂ ತೂಕದ್ದು. ಎಸೆಯುವವನು ಓಡಿಬಂದು, ಇಳಿಜಾರು ಹಲಗೆಯಿಂದ ನೆಗೆದು, ತೋಳನ್ನು ಪೂರ್ತಿ ಸುತ್ತು ತಿರುಗಿಸಿ ಬಿಡುತ್ತಾನೆ. 1996ರಲ್ಲಿ ಸ್ಟೆಫಾನ್ ಆಲ್ಬಾರುಸ್ ಅದನ್ನು 106 ಮೀಟರಿಗೂ ಆಚೆ ಎಸೆದಿದ್ದರು. ಇದರ ಬಯಲು ಪಂದ್ಯಕ್ಕೆ ನೆಲ ಹೆಪ್ಪುಗಟ್ಟಿರಬೇಕು. ಸಾಕಷ್ಟು ಚಳಿ ಬೀಳದಿದ್ದರೆ ಪಂದ್ಯವೇ ಇಲ್ಲ. ಆದ್ದರಿಂದ ಅದನ್ನೇ ನೆಚ್ಚಿಕೊಂಡು ವಿಮಾನದ ಟಿಕೆಟ್ ತೆಗೆಸುವುದು ಜಾಣತನವಲ್ಲ.

ಇನ್ನೊಂದು ಗೊಂದಲವನ್ನು ಮೊದಲೇ ತಿಳಿಸಬೇಕು. ಚಳಿಗಾಲದಲ್ಲಿ ಗೆಳೆಯರ ಗುಂಪುಗಳು ಕೈಗಾಡಿಯಲ್ಲಿ ಮದ್ಯದ ಬಾಟಲಿ ಹೇರಿಕೊಂಡು, ದಾರಿಯುದ್ದಕ್ಕೂ ಚೆಂಡು ಉರುಳಿಸುತ್ತಾ ಹೋಗಿ, ಕೊನೆಗೆ ಹೋಟೆಲಿನಲ್ಲಿ ಗ್ರ್ಯೂನ್‌ಕೋಲ್ ಎಂಬ ಸೊಪ್ಪಿನ ಊಟ ಮಾಡುತ್ತವೆ. ಅದು ಮೋಜಿನ ಸಂಗತಿಯೇ ಸರಿ, ಆದರೆ ಅದನ್ನಷ್ಟೇ ನೋಡಿ ಬಂದವರಿಗೆ ಕ್ಲಬ್ಬಿನ ಆಟದ ಗಾಂಭೀರ್ಯದ ಸುಳಿವು ಸಿಗುವುದಿಲ್ಲ. ಸಸ್ಯಾಹಾರಿಗಳು ಸೊಪ್ಪು ಎಂಬ ಮಾತಿಗೆ ಮೋಸಹೋಗಬಾರದು. ಅದನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿ, ಪಿಂಕೆಲ್ ಎಂಬ ಸಾಸೇಜ್ ಜೊತೆ ಬಡಿಸುತ್ತಾರೆ. ನನ್ನ ಚೀಲದಲ್ಲಿದ್ದ ಚಪಾತಿ, ಚಟ್ನಿಪುಡಿ ಆ ದಿನ ಕೈಹಿಡಿದವು.

ಚಹಾ ಮಾತ್ರ ಎಲ್ಲರಿಗೂ ಸಲ್ಲುತ್ತದೆ. ಅವರ ಮಿಶ್ರಣದಲ್ಲಿ ಹೆಚ್ಚಿನ ಪಾಲು ನಮ್ಮ ಅಸ್ಸಾಮಿನ ಎಲೆ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಮೇಲೆ ಬಿಸಿ ಚಹಾ, ಅಂಚಿನಲ್ಲಿ ಒಂದು ಚಮಚ ಕೆನೆ, ಕಲಕುವಂತಿಲ್ಲ. ಮೂರು ಬಟ್ಟಲು ಕುಡಿಯುವುದು ಅಲ್ಲಿನ ರೂಢಿ. ಸಾಕೆನಿಸಿದಾಗ ಚಮಚವನ್ನು ಬಟ್ಟಲೊಳಗೆ ಇಡಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ.

ಪಂದ್ಯ ಮುಗಿದ ಮೇಲೆ ವಿನಯದಿಂದ ಕೇಳಿದರೆ ಅತಿಥಿಗೂ ಒಂದು ಎಸೆತ ಸಿಗಬಹುದು. ನನ್ನ ಕೈಗೆ ರಬ್ಬರ್ ಚೆಂಡು ಕೊಟ್ಟು ಎಲ್ಲರೂ ಸಾಲಾಗಿ ನಿಂತರು. ಅದು ಮೂವತ್ತು ಮೀಟರ್ ಕೂಡ ಹೋಗದೆ, ಇಳಿಜಾರು ಹಿಡಿದು ಎಡಗಡೆಯ ಕಾಲುವೆಯಲ್ಲಿ ಮುಳುಗಿತು. ತೋಳು ಹಿಡಿದು ಎಳೆದಿದ್ದ ಆ ಹಿರಿಯರೇ ನಗುತ್ತಾ ಬಂದು ಕ್ರಾಬರ್ ಕೋಲನ್ನು ನನ್ನ ಕೈಗಿತ್ತರು.