“ಇನ್ನೂ ನಾಲ್ಕು ರೌಂಡ್ ಓಡಿಸಬಾರದಾ ಮೇಡಂ?”

ಹೆಣ್ಣುಮಕ್ಕಳ ಹಾಕಿ ತಂಡಕ್ಕೆ ತರಬೇತಿ ಕೊಡಲು ಶುರುಮಾಡಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಅಪ್ಪ ಅಮ್ಮಂದಿರು ಕೇಳುತ್ತಾರೆ, ಬೇರೆ ಶಾಲೆಯ ಪಿ.ಟಿ. ಮೇಷ್ಟ್ರುಗಳೂ ಕೇಳುತ್ತಾರೆ: “ನಿನ್ನೆ ಜಿಂಕೆ ಹಾಗೆ ಓಡಿದವಳು ಇವತ್ತು ಕಾಲೆಳೀತಾಳಲ್ಲ, ಸ್ಟ್ಯಾಮಿನಾ ಸಾಲದು. ಇನ್ನೂ ನಾಲ್ಕು ರೌಂಡ್ ಓಡಿಸಬಾರದಾ ಮೇಡಂ?”

ಬೇಡ. ಹೊಟ್ಟೆ ತುಂಬ ಊಟ ಕೊಡಿ, ಮಲಗಲು ಬಿಡಿ. ಅದೇ ನನ್ನ ಉತ್ತರ.

15 ನಿಮಿಷದ ನಾಲ್ಕು ಕ್ವಾರ್ಟರ್ ಅಂದರೆ ಕಮ್ಮಿ ಅನಿಸಬಹುದು. ಆದರೆ ಹಾಕಿಯಲ್ಲಿ ಒಂದೇ ಸಮನೆ ಓಡುವುದಿಲ್ಲ. ಬಗ್ಗಿಕೊಂಡೇ ಓಡಬೇಕು, ಗಕ್ಕನೆ ನಿಲ್ಲಬೇಕು, ತಿರುಗಿ ಮತ್ತೆ ಓಡಬೇಕು. ಹಾಗೆ ನಿಲ್ಲುವಾಗಲೇ ತೊಡೆಗೆ ಹೆಚ್ಚು ಪೆಟ್ಟು. ಆ ನೋವು ಜೋರಾಗುವುದು ಮಾರನೇ ದಿನ, ಅದರ ಮಾರನೇ ದಿನ. ಓಡಲು ಶಕ್ತಿ ಕೊಡುವ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಬರಿದಾದರೆ, ಚೆನ್ನಾಗಿ ಉಂಡರೂ ಮತ್ತೆ ತುಂಬಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳೆಯರು 2021ರ ಜುಲೈ 24ರಿಂದ ಆಗಸ್ಟ್ 6ರವರೆಗೆ, 14 ದಿನದಲ್ಲಿ 8 ಪಂದ್ಯ ಆಡಿದರು. 30ಕ್ಕೆ ಐರ್ಲೆಂಡ್, 31ಕ್ಕೆ ದಕ್ಷಿಣ ಆಫ್ರಿಕಾ. ಎರಡನ್ನೂ ಗೆದ್ದರು, ಎರಡನೆಯದರಲ್ಲಿ ವಂದನಾ ಕಟಾರಿಯಾ ಹ್ಯಾಟ್ರಿಕ್ ಹೊಡೆದರು. ಛಲ ಅಂತ ಎಲ್ಲರೂ ಕೊಂಡಾಡಿದರು. ಛಲವೇ ಸರಿ, ಆದರೆ ಆ ತಂಡದ ಜೊತೆ ಫಿಸಿಯೋ ಇದ್ದರು, ಮೈ ದಣಿವನ್ನು ಲೆಕ್ಕ ಇಡುವ ತಜ್ಞರೂ ಇದ್ದರು. ನಮ್ಮ ಮಕ್ಕಳಿಗೆ ಒಂದೇ ದಿನ ಎರಡು ಮ್ಯಾಚ್, ಮಧ್ಯೆ ಒಂದು ಪೊಟ್ಟಣ ಚಿತ್ರಾನ್ನ.

ಒಬ್ಬಳ ಕತೆ ಹೇಳಲೇಬೇಕು. ಮಿಡ್‌ಫೀಲ್ಡ್ ಆಡುತ್ತಿದ್ದಳು. ಕೊನೆಯ ಕ್ವಾರ್ಟರ್‌ನಲ್ಲಿ ಏದುಸಿರು ಬಿಡುತ್ತಿದ್ದಳು ಅಂತ ನಾನೇ ವಾರಗಟ್ಟಲೆ ಹೆಚ್ಚಿಗೆ ಓಡಿಸಿದೆ. ಒಂದು ದಿನ ನೋಡಿದರೆ, ಟ್ರ್ಯಾಕ್ ಪ್ಯಾಂಟಿನ ಜೇಬಿಗೆ ಪದೇಪದೇ ಕೈ ಹೋಗುತ್ತಿದೆ. ತೆರೆಸಿ ನೋಡಿದೆ, ಒಂದು ಹಿಡಿ ಹಸಿ ಅಕ್ಕಿ. “ಯಾಕೋ ತಿನ್ನಬೇಕು ಅನ್ಸತ್ತೆ ಮಿಸ್” ಅಂದಳು. ರಕ್ತ ಕಮ್ಮಿ ಇರಬಹುದೇನೋ ಅಂತ ಕೆಳಗಿನ ರೆಪ್ಪೆ ಜಗ್ಗಿ ನೋಡಿದರೆ ಬಿಳುಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2, 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅಂಥ ಮೈಯನ್ನು ನಾನು ಓಡಿಸಿದ್ದೆ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಅವಳೊಬ್ಬಳೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ, ಹುಡುಗರಲ್ಲಿ ಶೇ. 31. ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಹೋಗದಿದ್ದರೆ ಫೆರಿಟಿನ್ ನೋಡಿಸಬೇಕೇ ಅಂತ ಡಾಕ್ಟರನ್ನು ಕೇಳಿ. ಅದು ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುತ್ತದೆ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ, ಟೀ ಜೊತೆ ನುಂಗಿಸಬೇಡಿ, ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕ ಒಳ್ಳೆಯದು.

ಇನ್ನೊಂದು ಮಾತು, ಅಮ್ಮಂದಿರಿಗೆ. ತಿಂಗಳುಗಟ್ಟಲೆ ಡೇಟ್ ಆಗದಿದ್ದರೆ ಹುಡುಗಿಯರು “ಪೀಡೆ ತಪ್ಪಿತು” ಅಂತ ಖುಷಿಪಡುತ್ತಾರೆ. ಖುಷಿಪಡುವ ವಿಷಯವಲ್ಲ. ಖರ್ಚಿಗೆ ತಕ್ಕಷ್ಟು ಊಟ ಬೀಳದಿದ್ದಾಗ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಮುಟ್ಟು ಮೊದಮೊದಲಿಗೇ ನಿಲ್ಲುವಂಥದ್ದು. ಆಮೇಲೆ ಮೂಳೆ ಸವೆಯುತ್ತದೆ, ಸುಮ್ಮನೆ ಓಡುವಾಗಲೇ ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’ (ಆಟಗಾರರ ಮೈಯಲ್ಲಿ ಶಕ್ತಿಯ ಕೊರತೆ) ಎಂದು ಹೆಸರಿಟ್ಟಿತು. ಮೂರು ತಿಂಗಳು ಮುಟ್ಟು ಆಗದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದಪ್ಪಗಾಗುತ್ತಾಳೆ ಅಂತ ಅನ್ನಕ್ಕೆ ಕತ್ತರಿ ಹಾಕಬೇಡಿ.

ಮುಟ್ಟಿನ ದಿನ ಆಡಬಹುದಾ ಅಂತಲೂ ಕೇಳುತ್ತಾರೆ. ಅವಳನ್ನೇ ಕೇಳಿ. ಒಬ್ಬೊಬ್ಬರ ಮೈ ಒಂದೊಂದು ಥರ. ಒಬ್ಬಳು ಅವತ್ತೇ ಗೋಲು ಹೊಡೆಯುತ್ತಾಳೆ, ಇನ್ನೊಬ್ಬಳಿಗೆ ಎದ್ದು ನಿಲ್ಲಲಾಗುವುದಿಲ್ಲ. ಐಸ್ ನೀರಿನ ಸ್ನಾನದ ಬಗ್ಗೆ ಕೇಳುವವರೂ ಇದ್ದಾರೆ. ನೋವು ಸ್ವಲ್ಪ ತಗ್ಗೀತು, ಎಂಟು ಒಂಬತ್ತು ಗಂಟೆಯ ನಿದ್ದೆಯ ಮುಂದೆ ಅದು ಏನೂ ಅಲ್ಲ.

ಮೊನ್ನೆ ಒಬ್ಬ ತಂದೆ ಮತ್ತದೇ ನಾಲ್ಕು ರೌಂಡಿನ ಮಾತೆತ್ತಿದರು. “ಬೆಳಿಗ್ಗೆ ಪ್ರಾಕ್ಟೀಸಿಗೆ ಏನು ತಿಂದು ಬಂದಳು?” ಅಂತ ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು, ಆಕೆ ಮಗಳ ಮುಖ ನೋಡಿದರು.

“ಟೀ ಕುಡಿದೆ ಮಿಸ್” ಅಂದಳು ಹುಡುಗಿ.