ಮೂರು ನೋಟಿನ ಮುಯ್ಯಿ

ಬೆಂಗಳೂರಿನಲ್ಲಿ ಮೂರು ವರ್ಷ ನನ್ನೊಡನೆ ಕೆಲಸ ಮಾಡಿದ ಜಪಾನಿ ಗೆಳೆಯನ ಮದುವೆಗೆಂದು ಟೋಕಿಯೋಗೆ ಹೊರಟಾಗ ನನ್ನನ್ನು ಕಾಡಿದ್ದು ವೀಸಾ ಅಲ್ಲ, ಮುಯ್ಯಿ. ಅಲ್ಲಿ ಗೆಳೆಯರು ಸಾಮಾನ್ಯವಾಗಿ 30,000 ಯೆನ್ ಕೊಡುತ್ತಾರೆ. ಸಮಸಂಖ್ಯೆ ಇಬ್ಭಾಗವಾಗುತ್ತದೆಂಬ ಕಾರಣಕ್ಕೆ 10,000ದ ಮೂರು ಹೊಸ ನೋಟುಗಳನ್ನು, ಸುಲಭವಾಗಿ ಬಿಚ್ಚಲಾಗದ ಗಂಟಿನ ದಾರ ಕಟ್ಟಿದ ಲಕೋಟೆಯಲ್ಲಿಟ್ಟು ಕೊಡಬೇಕು. ನೂರಕ್ಕೆ ಒಂದು ರೂಪಾಯಿ ಸೇರಿಸಿ ನೂರೊಂದು ಮಾಡುವ ನಮ್ಮವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿದದ್ದು ಉಡುಪು. ಗಂಡಸರಿಗೆ ಕಪ್ಪು ಸೂಟು, ಬಿಳಿ ಟೈ ಎಂದಾಗ ಬಸವನಗುಡಿಯ ಮನೆಯಲ್ಲಿ ಅಮ್ಮ, “ಮದುವೆ ಮನೆಗೆ ಯಾರಾದ್ರೂ ಕಪ್ಪು ಹಾಕ್ಕೊಂಡು ಹೋಗ್ತಾರೇನೋ?” ಎಂದು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು.

ಜಪಾನಿನ ಮೂಲ ಧರ್ಮವಾದ ಶಿಂಟೋದ ದೇಗುಲದಲ್ಲಿ ಮದುಮಗಳು ಅಡಿಯಿಂದ ಮುಡಿಯವರೆಗೆ ಬಿಳಿಯುಟ್ಟು, ಕೆಂಪು ಛತ್ರಿಯ ನೆರಳಿನಲ್ಲಿ ನಡೆದು ಬಂದಳು. ಒಂದಕ್ಕಿಂತ ಒಂದು ದೊಡ್ಡದಾದ ಮೂರು ಬಟ್ಟಲುಗಳಿಂದ, ಪ್ರತಿಯೊಂದರಲ್ಲೂ ಮೂರು ಗುಟುಕಿನಂತೆ, ವಧೂವರರು ಅಕ್ಕಿಯ ಮದ್ಯವಾದ ಸಾಕೆಯನ್ನು ಹಂಚಿಕೊಂಡು ಕುಡಿಯುವುದೇ ಅಲ್ಲಿನ ಮುಖ್ಯ ವಿಧಿ. ಇದಕ್ಕೆ ಸಾನ್‌ಸಾನ್‌ಕುದೋ, ಅಂದರೆ ‘ಮೂರು ಮೂರು ಒಂಬತ್ತು ಸಲ’ ಎಂದು ಹೆಸರು. ಗಟ್ಟಿಮೇಳದ ಅಬ್ಬರಕ್ಕೆ ಒಗ್ಗಿದ್ದ ನನ್ನ ಕಿವಿಗೆ ಬಿದಿರಿನ ವಾದ್ಯಗಳ ಆ ತೆಳು ನಾದ ಮೊದಲು ಸಪ್ಪೆಯೆನಿಸಿತು; ಆದರೆ ಅಲ್ಲಿ ಯಾರೂ ಮಾತನಾಡುತ್ತಿರಲಿಲ್ಲ, ಎಲ್ಲರೂ ಮದುವೆಯನ್ನೇ ನೋಡುತ್ತಿದ್ದರು. (ನಮ್ಮ ಛತ್ರಗಳಲ್ಲಿ ಮುಹೂರ್ತದ ಹೊತ್ತಿಗೆ ಅರ್ಧ ಜನ ಊಟದ ಪಂಕ್ತಿಯಲ್ಲಿರುತ್ತಾರೆ.)

ಔತಣ ಮುಗಿದು ಹೊರಡುವಾಗ ಪ್ರತಿ ಅತಿಥಿಗೂ ಒಂದು ಉಡುಗೊರೆಯ ಚೀಲ ಸಿಕ್ಕಿತು. ಒಳಗೆ ತೆಂಗಿನಕಾಯಿ ಇರಲಿಲ್ಲ, ಅಷ್ಟೇ.