ಚೀಲದ ತಳದ ಕಾಯಿ

ಹಾವೇರಿಯ ಕಾಲೇಜೊಂದರಿಂದ ಆಹ್ವಾನ ಪತ್ರಿಕೆ ಬಂದಿತ್ತು. ನನ್ನ ಹೆಸರಿನ ಮುಂದೆ 'ದಿಕ್ಸೂಚಿ ಭಾಷಣ' ಅಂತ ಅಚ್ಚು ಹಾಕಿಸಿದ್ದರು. ಓದಿ ನಗು ಬಂತು. ಚುನಾವಣಾ ಸಮೀಕ್ಷೆ ಮಾಡುವವರಿಗೆ ದಿಕ್ಕು ತಪ್ಪಿದ ಅನುಭವವೇ ಜಾಸ್ತಿ.

ಹುಬ್ಬಳ್ಳಿಯಿಂದ ಬಸ್ ಹತ್ತುವಾಗ ಲ್ಯಾಪ್‌ಟಾಪಿನಲ್ಲಿ ನಲವತ್ತು ಸ್ಲೈಡ್ ಇದ್ದವು. ಒಂದನ್ನೂ ತೋರಿಸಲಿಲ್ಲ. ಮುಂದಿನ ಸಾಲಿನ ಹುಡುಗರನ್ನು ಸುಮ್ನೆ ಯಾವೂರಪ್ಪಾ ಅಂತ ಕೇಳಿದೆ. 'ಬ್ಯಾಡಗಿ ರೀ ಸರ' ಅಂದರು. ಅಲ್ಲಿಗೆ ಸ್ಲೈಡ್ ಮುಚ್ಚಿ, ನನ್ನ ಕಳ್ಳತನದ ಕಥೆ ಶುರು ಮಾಡಿದೆ.

2004ರ ಏಪ್ರಿಲ್. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಖರ್ಚಿಗೆ ಆಗುತ್ತೆ ಅಂತ ಸಮೀಕ್ಷೆ ಕೆಲಸಕ್ಕೆ ಸೇರಿದ್ದೆ. ಮತದಾರರ ಪಟ್ಟಿಯಿಂದ ಆರಿಸಿದ ಮೂವತ್ತು ಹೆಸರು ಕೈಗೆ ಕೊಟ್ಟು ಬ್ಯಾಡಗಿಗೆ ಕಳಿಸಿದರು. ಆ ಹೆಸರಿನವರನ್ನೇ ಹುಡುಕಬೇಕು, ಸಿಗಲಿಲ್ಲ ಅಂತ ಪಕ್ಕದ ಮನೆಯವರನ್ನು ಕೇಳುವ ಹಾಗಿಲ್ಲ. ಸುಡು ಬಿಸಿಲು. ಹೋದ ಮನೆಗೆಲ್ಲ ಬೀಗ, ಇಲ್ಲವೇ ಕಟ್ಟೆ ಮೇಲೆ ಒಬ್ಬ ಅಜ್ಜ. ಮಧ್ಯಾಹ್ನದ ಹೊತ್ತಿಗೆ ಬೇಸತ್ತು ಚಹಾದಂಗಡಿಯಲ್ಲಿ ಕೂತೆ. ಅಲ್ಲಿದ್ದವರನ್ನೇ ಕೇಳಿ ಹದಿನಾಲ್ಕು ಫಾರ್ಮ್ ತುಂಬಿಬಿಟ್ಟೆ.

ಸಂಜೆ ಸೂಪರ್‌ವೈಸರ್ ಫಾರ್ಮ್ ತಿರುವಿ ನೋಡಿದರು. 'ಈ ಊರಾಗ ಹೆಣ್ಮಕ್ಕಳು ಇಲ್ಲೇನು?' ಅಂದರು. ಹದಿನಾಲ್ಕನ್ನೂ ಹರಿದು ಹಾಕಿದರು.

ಮರುದಿನ ವಿಷಯ ತಿಳಿಯಿತು. ಹೆಣ್ಮಕ್ಕಳೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗಿದ್ದರು. ಹುಡುಕಿಕೊಂಡು ಮಾರುಕಟ್ಟೆಗೆ ಹೋದೆ. ಒಳಗೆ ಕಾಲಿಟ್ಟಿದ್ದೇ ತಡ, ಸೀನು, ಕೆಮ್ಮು, ಕಣ್ಣಲ್ಲಿ ನೀರು. ದಲಾಲಿ ಅಂಗಡಿಯ ಹಿರಿಯರೊಬ್ಬರು ನೀರು ಕೊಟ್ಟು, ಏನು ಕೆಲಸ ಅಂತ ಕೇಳಿದರು. ಹೇಳಿದೆ. ಅವರು ಎದುರಿಗಿದ್ದ ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಕಾಯಿ ಹೊರತೆಗೆದರು. ಮೇಲಿದ್ದವು ಕೆಂಪಗೆ, ಸುಕ್ಕು ಸುಕ್ಕಾಗಿ ಮಿಂಚುತ್ತಿದ್ದವು. ಕೈಯಲ್ಲಿದ್ದವು ಅರ್ಧ ಬಿಳಿಚಿದ್ದವು.

'ಮ್ಯಾಲಿನ ಕಾಯಿ ನೋಡಿ ರೇಟ್ ಹಾಕಿದ್ರ ಮನಿ ಮಾರಬೇಕಾಕ್ಕೈತಿ ತಮ್ಮಾ' ಅಂದರು.

ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ 1936ರ ಅಧ್ಯಕ್ಷ ಚುನಾವಣೆಯಲ್ಲಿ ಮಾಡಿದ್ದೂ ಇದನ್ನೇ ಅಲ್ವಾ? ಯಾರಿಗೆ ಓಟು ಅಂತ ಕೇಳಿ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿತು. ವಿಳಾಸ ಹೆಕ್ಕಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಯಿಂದ, ಅಂದರೆ ಚೀಲದ ಮೇಲಿನ ಕಾಯಿಗಳಿಂದ. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಉತ್ತರ ಬಂದರೂ ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದು ಕೆಟ್ಟಿತು. 48 ರಾಜ್ಯಗಳಲ್ಲಿ 46 ರೂಸ್‌ವೆಲ್ಟ್ ಪಾಲಾದವು. ಅದಕ್ಕಿಂತ ತುಂಬಾ ಕಡಿಮೆ ಜನರನ್ನು ಕೇಳಿದ್ದ ಸಮೀಕ್ಷೆಗಾರ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಎಂ.ಎ.ಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ತಲೆಗೆ ಹೋಗಿರಲಿಲ್ಲ, ಅಷ್ಟೆ.

2004ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ದೇಶದಲ್ಲೂ ಹೆಚ್ಚುಕಮ್ಮಿ ಎಲ್ಲ ಸಮೀಕ್ಷೆಗಳು ಬಿಜೆಪಿಯ ಎನ್‌ಡಿಎ ಕೂಟ ಮುಂದಿದೆ ಅಂದವು. ಮೇ 13ಕ್ಕೆ ಎಣಿಸಿದಾಗ ಕಾಂಗ್ರೆಸ್ಸಿಗೆ 145 ಸೀಟು, ಬಿಜೆಪಿಗೆ 138. ನನ್ನ ಆ ಹದಿನಾಲ್ಕು ಫಾರ್ಮು ಹರಿದು ಹೋಗಿದ್ದವು, ಹಾಗಾಗಿ ಅದರಲ್ಲಿ ನನ್ನ ಪಾಲಿಲ್ಲ!

'ಆಮ್ಯಾಲೆ ಮೂವತ್ತೂ ಮಂದಿ ಸಿಕ್ರೇನ್ರೀ ಸರ?' ಅಂತ ಒಬ್ಬ ಹುಡುಗಿ ಕೇಳಿದಳು.

ಇಪ್ಪತ್ತಾರು ಜನ ಸಿಕ್ಕರು. ಕೊನೆಯವರ ಮನೆಗೆ ಮೂರನೇ ಸಲ ಹೋದಾಗ ರಾತ್ರಿ ಎಂಟು ಗಂಟೆ. ಆಗಷ್ಟೇ ಕೆಲಸದಿಂದ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಗಂಡ ಪಕ್ಕದಲ್ಲೇ ನಿಂತು, 'ನಮ್ದೆಲ್ಲಾ ಒಂದ ಓಟು, ಬರ್ಕೋರಿ' ಅಂದ. ನಾನು ಮಾದರಿ ಮತಪತ್ರ ಕೊಟ್ಟು, ಗುರುತು ಹಾಕಿ ಈ ಡಬ್ಬಿಯಲ್ಲಿ ಹಾಕಿ ಅಕ್ಕಾರ, ನಾವು ಯಾರೂ ನೋಡೋದಿಲ್ಲ ಅಂದೆ.

'ಕೈ ಉರಿಯಾಕತ್ತಾವ ತಮ್ಮಾ, ಪೆನ್ನ ಹಿಡಿಯಾಕ ಆಗವಲ್ದು' ಅಂದರು. ಆದರೂ ಸೆರಗಿನಲ್ಲಿ ಪೆನ್ನು ಹಿಡಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತಂದು, ಗಂಡನ ಕಡೆ ನೋಡದೆ ಡಬ್ಬಿಗೆ ಹಾಕಿದರು. ಮಡಿಕೆಯ ಮೇಲೆ ಎಣ್ಣೆಯಲ್ಲಿ ಒಂದು ಕೆಂಪು ಹೆಬ್ಬೆರಳು ಮೂಡಿತ್ತು.